ಚೋಕ್ ಎಳೀರಿ!

ಧನುರ್ಮಾಸದ ಬೆಳಗ್ಗೆ ಯಾರ ಮನೆ ಮುಂದೆ ಕಾರು ‘ಕ್ರ್... ಕ್ರ್...’ ಎಂದು ಸುಮ್ಮನಾಗುತ್ತದೋ, ಅಲ್ಲಿ ರಾಯರು ಹಾಜರು. ಬೆಂಗಳೂರಿನ ಬಡಾವಣೆಗೊಬ್ಬರು ಇಂಥ ರಾಯರಿದ್ದೇ ಇರುತ್ತಾರೆ. ತಲೆಗೆ ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಕಾರಿನ ಕಥೆ ಮುಗಿಯುವ ತನಕ ಅವರ ಮನೆಯಲ್ಲಿ ಕಾಫಿ ಇಲ್ಲ.

‘ಸೆಲ್ಫ್ ಎತ್ತುತ್ತಿಲ್ವಾ? ಥಂಡಿ ಕಣ್ರೀ, ಥಂಡಿ!’

ಬಾನೆಟ್ ಎತ್ತುವ ಮೊದಲೇ ತೀರ್ಪು. ಬೆಂಗಳೂರಿನ ಚಳಿ ದಾಖಲೆ ಮಟ್ಟಕ್ಕೆ, 7.8 ಡಿಗ್ರಿಗೆ ಇಳಿದದ್ದು 1884ರ ಜನವರಿ 13ರಂದು. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಕೇಳಿದ್ದು 1886ರಲ್ಲಿ. ಚಳಿಯ ಮೇಲೆ ತಪ್ಪು ಹೊರಿಸಬಹುದಾಗಿದ್ದ ಆ ಒಂದು ದಿನ ಊರಿನಲ್ಲಿ ಕಾರೇ ಇರಲಿಲ್ಲ!

‘ಚೋಕ್ ಎಳೀರಿ.’

‘ಚೋಕ್ ಇಲ್ಲ ಅಂಕಲ್, ಇದು ಫ್ಯೂಯಲ್ ಇಂಜೆಕ್ಷನ್ನು.’

‘ಚೋಕೇ ಇಲ್ಲದ ಗಾಡಿಗೆ ಅಷ್ಟು ದುಡ್ಡು ಸುರಿದ್ರಾ!’

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತರೂ ರಾಯರ ತಲೆಯಲ್ಲಿ ಆ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ, ಪೆಟ್ರೋಲಿನ ಪಾಲು ಹೆಚ್ಚಿ, ತಣ್ಣಗಿನ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಈಗ ಆ ಕೆಲಸ ಕಾರಿನೊಳಗಿನ ಕಂಪ್ಯೂಟರಿನದು. ‘ಹಾಗಾದ್ರೆ ಆಕ್ಸಿಲರೇಟರ್ ನಾಲ್ಕು ಸಲ ತುಳೀರಿ’ ಎನ್ನುತ್ತಾರೆ. ಅದು ಕಾರ್ಬ್ಯುರೇಟರ್ ಕಾಲದ ಮಂತ್ರ. ‘ಹೀಟರ್ ದೀಪ ಆರೋ ತನಕ ಕಾದ್ರಾ?’ ಅದು ಡೀಸೆಲ್ ಗಾಡಿಯ ಮಾತು, ಇದು ಪೆಟ್ರೋಲು. ಒಂದೊಂದು ಸಲಹೆಗೂ ಒಂದೊಂದು ಸಲ ಸೆಲ್ಫ್ ಹೊಡೆದು, ಬ್ಯಾಟರಿಯಲ್ಲಿ ಉಳಿದಿದ್ದ ಚೂರುಪಾರು ಜೀವವೂ ಖರ್ಚು.

ಅಷ್ಟರಲ್ಲಿ ಗ್ಯಾರೇಜಿನ ಹುಡುಗ ಬರುತ್ತಾನೆ. ‘ಟಿಕ್ ಟಿಕ್’ ಎನ್ನುವುದನ್ನು ಕೇಳಿ, ಟರ್ಮಿನಲ್ ಅಲ್ಲಾಡಿಸಿ, ಮೀಟರ್ ಹಿಡಿಯುತ್ತಾನೆ. 12.6 ವೋಲ್ಟ್ ಇರಬೇಕಾದಲ್ಲಿ 11.9. ‘ಬ್ಯಾಟರಿ ಹಾಕ್ಸಿ ಎಷ್ಟು ವರ್ಷ ಆಯ್ತು ಸಾರ್?’ ಮಾಲೀಕರು ಆಕಾಶ ನೋಡುತ್ತಾರೆ. ಚಳಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಮಂದವಾಗುತ್ತದೆ. ಅಂದರೆ ಕೊಡುವವನ ಕೈ ಬಿಗಿಯಾದ ಹೊತ್ತಿಗೇ ಸಾಲ ಕೇಳುವವನ ಬೇಡಿಕೆ ಹೆಚ್ಚಿದಂತೆ. ಬೆಂಗಳೂರಿನಷ್ಟು ಚಳಿಯನ್ನು ಹೊಸ ಬ್ಯಾಟರಿ ಲೆಕ್ಕಕ್ಕೇ ಇಡುವುದಿಲ್ಲ. ಹಲವು ಬೇಸಿಗೆ ಕಂಡು ಸೊರಗಿದ್ದು ಮಲಗಿಬಿಡುತ್ತದೆ.

‘ಪಕ್ಕದಲ್ಲಿ ಯಾವುದಾದ್ರೂ ಕಾರಿದ್ರೆ ಜಂಪರ್ ಕೇಬಲ್ ಹಾಕಬಹುದು.’ ಎಲ್ಲರ ಕಣ್ಣೂ ದಸರೆಯಿಂದ ಕವರ್ ಹೊದ್ದು ನಿಂತಿರುವ ರಾಯರ ಕಾರಿನತ್ತ.

‘ನಮ್ಮದು ಬೇಡಪ್ಪ, ಬ್ಯಾಟರಿ ಡೌನಾಗಿದೆ’ ಎಂದು ರಾಯರು ಮಫ್ಲರ್ ಸರಿಮಾಡಿಕೊಳ್ಳುತ್ತಾರೆ. ‘ಥಂಡಿ ನೋಡಿ.’

ಆದರೆ ‘ತಳ್ಳೋಣ’ ಎಂದೊಡನೆ ಹಾಲನ್ನು ಕಾಂಪೌಂಡ್ ಮೇಲಿಟ್ಟು ಮೊದಲು ಭುಜ ಕೊಡುವವರೂ ಅವರೇ. ಎರಡನೇ ಗೇರಿನಲ್ಲಿ ಓಟ ಸಿಕ್ಕಿ ಕ್ಲಚ್ ಬಿಟ್ಟಾಗ ಗಾಡಿ ಗುರ್ ಎಂದರೆ, ‘ನಾನು ಹೇಳಲಿಲ್ವಾ?’ ಎಂದು ಕೇಳುವವರೂ ಅವರೇ.

ಆದ್ದರಿಂದ ನಿಮ್ಮ ಬೀದಿಯ ರಾಯರ ಸಲಹೆ ಬಿಡಿ, ಭುಜ ಬಿಡಬೇಡಿ. ನಿಮ್ಮದು ಆಟೊಮ್ಯಾಟಿಕ್ ಗೇರಿನ ಕಾರಾದರೆ ಆ ಭುಜವೂ ಕೆಲಸಕ್ಕೆ ಬಾರದು; ಬ್ಯಾಟರಿಗೆ 3-4 ವರ್ಷ ತುಂಬಿದ್ದರೆ ದೀಪಾವಳಿಗೆ ಮೊದಲೇ ಒಮ್ಮೆ ತೋರಿಸಿಬಿಡಿ.