ಕೋರಿಕೆ ನಿಲುಗಡೆ

ಸಿಂಧನೂರಿನಲ್ಲಿ ಮಂಡಕ್ಕಿ-ಮಿರ್ಚಿ ಮುಗಿಸಿ ಲಿಂಗಸೂಗೂರು ಬಸ್ಸು ಹತ್ತಿದವರ ಹೊಟ್ಟೆ ಕೆಡುವುದಾದರೆ, ಮಸ್ಕಿಗೆ ಮುಂಚೆಯೇ ಕೆಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗಾದರೂ ಗೇಟು, ತೂಬು ಉಂಟು, ಇದಕ್ಕೇನುಂಟು? ಹಣೆಯಲ್ಲಿ ಬೆವರು, ಕೈಯಲ್ಲಿ ಮುಂದಿನ ಸೀಟಿನ ಸರಳು. ಹೊರಗೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ, ಮರೆಗೊಂದು ಜಾಲಿಗಿಡವಿಲ್ಲ. 'ಜರಾ ತಡ್ಕೊಳ್ರಿ, ಮಸ್ಕಿ ಬಂತು' ಅನ್ನುತ್ತಾನೆ ಕಂಡಕ್ಟರ್. ಅಶೋಕನ ಹೆಸರೇ ಕೆತ್ತಿರುವ ಶಾಸನ 1915ರಲ್ಲಿ ಸಿಕ್ಕ ಊರದು. ಇತಿಹಾಸಕಾರರು ಕುಣಿದಾಡಿದ್ದು ನಿಜ. ಆದರೆ ಆ ಗಳಿಗೆಯಲ್ಲಿ ಕಣ್ಣು ಹುಡುಕುವ ಶಾಸನ ಒಂದೇ, 'ಪುರುಷರಿಗೆ'.

ಫಾರಿನ್ನಿಗೆ ಹೋದವರ ಪಾಡು ಇನ್ನೂ ಕಷ್ಟ. ಅಲ್ಲಿ ಬಾಗಿಲು ಸಿಕ್ಕರೂ ಚೊಂಬು ಸಿಗುವುದಿಲ್ಲ, ಬರೀ ಕಾಗದ!

ಮದ್ದು ಮಾತ್ರ ಎಲ್ಲೆಡೆ ಒಂದೇ. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಡಿದಾಗ ಡಾ. ದಿಲೀಪ್ ಮಹಲನಬಿಸ್ ಜನರನ್ನು ಉಳಿಸಿದ್ದು ಇಂಥದೇ ನೀರು ಕುಡಿಸಿ. ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ. ರಕ್ತ ಕಂಡರೆ, ಮೂತ್ರ ಕಟ್ಟಿದರೆ ನಾಚಿಕೆ ಬಿಟ್ಟು ಲಿಂಗಸೂಗೂರಿನಲ್ಲಿ ಇಳಿದವರೇ ಸೀದಾ ಆಸ್ಪತ್ರೆಗೆ ನಡೆಯಿರಿ.