ಚಾಂಪಿಯನ್ ಸ್ಟೇಷನ್ನಿನ ಕ್ಯಾಪ್ಟನ್

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ಗಾಡಿಯಲ್ಲಿ ಯಾವ ಬೋಗಿ ಹತ್ತಿದರೂ ಇಂಥವನೊಬ್ಬ ಸಿಕ್ಕೇ ಸಿಗುತ್ತಾನೆ. ವಯಸ್ಸು ನಲವತ್ತರ ಆಜುಬಾಜು. ಇಸ್ತ್ರಿ ಮಾಡಿದ ಆಫೀಸು ಶರ್ಟಿನ ಒಳಗೆ ಹದಿನೆಂಟನೇ ನಂಬರಿನ ಕೆಂಪು ಜೆರ್ಸಿ, ಜೇಬಿನಲ್ಲಿ ತಿಂಗಳ ಪಾಸು, ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ, ಬಾಯಲ್ಲಿ ನಿನ್ನೆಯ ಮ್ಯಾಚು. ನಮ್ಮ ಬೋಗಿಯವನನ್ನು ಎಲ್ಲರೂ ‘ಕ್ಯಾಪ್ಟನ್’ ಅನ್ನುತ್ತಾರೆ. ಅವನು ಯಾವ ಟೀಮಿಗೂ ಆಡಿದವನಲ್ಲ. ಗಾಡಿ ನಿಲ್ಲುವ ಮೊದಲೇ ಒಳಕ್ಕೆ ಹಾರಿ, ಕಿಟಕಿಗೆ ಕರ್ಚೀಫು, ಎದುರಿಗೆ ನೀರಿನ ಬಾಟಲಿ, ಮೂಲೆಗೆ ಒಂದು ಚಪ್ಪಲಿ ಎಸೆದು ತನ್ನ ಗುಂಪಿಗೆಲ್ಲ ಸೀಟು ಹಿಡಿಯುತ್ತಾನಲ್ಲ, ಆ ಫೀಲ್ಡಿಂಗ್ ಚಾಕಚಕ್ಯತೆಗೆ ಸಿಕ್ಕ ಬಿರುದು ಅದು.

ಈ ಜಾತಿಯ ಮನುಷ್ಯ ಹುಟ್ಟಿಕೊಂಡದ್ದಕ್ಕೆ ತಾರೀಖೇ ಇದೆ: 2001ರ ಫೆಬ್ರುವರಿ 28. ಅಂದು ಕೆಜಿಎಫ್‌ನ ಚಿನ್ನದ ಗಣಿ, ಭಾರತ್ ಗೋಲ್ಡ್ ಮೈನ್ಸ್, ಬಾಗಿಲು ಹಾಕಿತು. ನೂರಿಪ್ಪತ್ತು ವರ್ಷ ನೆಲದೊಳಕ್ಕೆ ಇಳಿದು ದುಡಿದ ಊರು ಆಮೇಲೆ ರೈಲು ಹತ್ತಿ ದುಡಿಯುವುದನ್ನು ಕಲಿಯಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಿಇಎಂಎಲ್ ನಗರ ಎಂದು ಹೆಜ್ಜೆಗೊಂದು ಸ್ಟೇಷನ್ನು ಇರುವ ಈ ಕವಲು ಹಳಿಯನ್ನು 1894ರಲ್ಲಿ ಹಾಕಿದ್ದೇ ಗಣಿಗೋಸ್ಕರ. ಈಗ ಅದು ಸೆಕ್ಯುರಿಟಿ ಗಾರ್ಡು, ನರ್ಸು, ಅಕೌಂಟೆಂಟು, ಮಾಲಿನ ಸೇಲ್ಸ್‌ಮನ್ನುಗಳನ್ನು ತುಂಬಿಕೊಂಡು ಬಂಗಾರಪೇಟೆ ಜಂಕ್ಷನ್ನಿಗೆ ಬಂದು, ಅಲ್ಲಿಂದ ಇನ್ನಷ್ಟು ಜನರನ್ನು ಗಿಡಿದು, ಬೆಂಗಳೂರಿಗೆ ಕೊಂಡೊಯ್ದು ಸುರಿಯುತ್ತದೆ.

ಕ್ಯಾಪ್ಟನ್ ಹತ್ತುವುದು ಚಾಂಪಿಯನ್ ಸ್ಟೇಷನ್ನಿನಲ್ಲಿ. ಅದೇ ಅವನ ದೊಡ್ಡ ಸಂಕಟ.

“ಚಾಂಪಿಯನ್ ಅನ್ನೋದು ನಮಗೆ ಒಂದು ಸ್ಟೇಷನ್ನು ಮಚ್ಚಾ. ಪಾಸಲ್ಲೇ ಹತ್ತಿ ಇಳೀತೀವಿ. ಈ ಆರ್‌ಸಿಬಿಯವರು ಕೋಟಿ ಕೋಟಿ ಸುರಿದು ಅದನ್ನೇ ಹುಡುಕ್ತಾ ಇದ್ದಾರೆ,” ಎಂದು ಅವನು ಹದಿನೇಳು ಸೀಸನ್ ಗೊಣಗಿದ. ಗೊಣಗಿದರೂ ಪ್ರತಿ ಮಾರ್ಚಿನಲ್ಲಿ ಈ ಸಲ ಕಪ್ ನಮ್ದೇ ಎಂದು ಸ್ಟೇಟಸ್ ಹಾಕಿದ, ಪ್ರತಿ ಮೇ ತಿಂಗಳಲ್ಲಿ ಸದ್ದಿಲ್ಲದೆ ತೆಗೆದ.

ಚಿನ್ನಸ್ವಾಮಿ ಅವನ ಹೋಂ ಗ್ರೌಂಡು. ಆದರೆ ಅಲ್ಲಿ ಒಂದು ರಾತ್ರಿ ಮ್ಯಾಚಿನ ಕೊನೆಯ ಓವರನ್ನೂ ಅವನು ಕಂಡವನಲ್ಲ. ಹನ್ನೊಂದೂವರೆಗೆ ಮುಗಿಯುವ ಆಟಕ್ಕೂ ಊರಿನ ಗಾಡಿಗೂ ಜಾತಕ ಕೂಡುವುದಿಲ್ಲ. ಮೊದಲ ಇನಿಂಗ್ಸ್ ಮುಗಿಯುತ್ತಿದ್ದಂತೆ, ಅಕ್ಕಪಕ್ಕದವರ ಮೊಣಕಾಲು ತುಳಿಯುತ್ತ, ಬೈಸಿಕೊಳ್ಳುತ್ತ ಎದ್ದು ಬರುತ್ತಾನೆ. ಹಾಗಾಗಿ ಅವನ ಕಣ್ಣೆದುರಿಗೆ ಆರ್‌ಸಿಬಿ ಒಂದು ಸಲವೂ ಸೋತಿಲ್ಲ. ಸೋಲುವುದೆಲ್ಲ ಮಾಲೂರು ದಾಟಿದ ಮೇಲೆ, ಟೇಕಲ್ ಬಂಡೆಗಳ ಹತ್ತಿರ ಮೊಬೈಲಿನ ಸಿಗ್ನಲ್ಲು ಹೋಗಿ ಬರುವಷ್ಟರಲ್ಲಿ. ಟೇಕಲ್ಲಿನ ಬಗ್ಗೆ ಅವನಿಗೆ ಇವತ್ತಿಗೂ ಒಂದು ಅನುಮಾನವಿದೆ.

ತಾರೀಖಿನ ಬಗ್ಗೆಯೂ ಇದೆ. 2013ರ ಏಪ್ರಿಲ್ 23ರಂದು ಗೇಲ್ 175 ಹೊಡೆದು ತಂಡ 263 ಮಾಡಿತು. 2017ರ ಅದೇ ಏಪ್ರಿಲ್ 23ರಂದು, ಕೋಲ್ಕತಾದಲ್ಲಿ, ಅದೇ ತಂಡ 49ಕ್ಕೆ ಮಂಗಳ ಹಾಡಿತು. ಭಾವಮೈದನ ಮದುವೆಗೆ ಪುರೋಹಿತರು ಆ ದಿನದ ಲಗ್ನವನ್ನೇ ಸೂಚಿಸಿದಾಗ ಕ್ಯಾಪ್ಟನ್ ಎದ್ದು ನಿಂತು ಆಕ್ಷೇಪಿಸಿದ. “ಆ ದಿನ ಒಂದೋ ಗಂಡು ಬೀದಿಗೆಲ್ಲ ಊಟ ಹಾಕ್ತಾನೆ, ಇಲ್ಲಾಂದ್ರೆ ಮಂಟಪಕ್ಕೇ ಬರಲ್ಲ. ಮಧ್ಯದ್ದು ಅಂತ ಏನೂ ಇಲ್ಲ.” ಪುರೋಹಿತರು ರಾಹುಕಾಲ, ಗುಳಿಕಕಾಲ ಬಲ್ಲವರು, ಇದು ಅವರ ಪಂಚಾಂಗದಲ್ಲಿ ಇರಲಿಲ್ಲ. ಲಗ್ನ ಮೇ ತಿಂಗಳಿಗೆ ಹೋಯಿತು.

ಇನ್ನು ಮನೆ. ಲೈನ್ ಮನೆಯ ಒಂದೇ ಕೋಣೆ, ಒಂದೇ ಟಿವಿ. ಅದರ ಎದುರಿನ ಕುರ್ಚಿಯಲ್ಲಿ ಅವನ ಅಪ್ಪ. ಮಗ ಕರೆಯುವುದು ನೈನಾ ಎಂದು. ಚಾಂಪಿಯನ್ ರೀಫ್‌ನಲ್ಲಿ ಇಡೀ ಪ್ರಾಯ ಕಳೆದವರು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂದವರು, ಆದ್ದರಿಂದ ಮೇಲ್ಗಡೆಯ ಯಾವ ವಿಷಯಕ್ಕೂ ಬೆಚ್ಚದವರು. ನೈನಾ ಚೆನ್ನೈ ಪಕ್ಷ. 2008ರಿಂದಲೂ. ಈ ಊರಿನ ಅರ್ಧಕ್ಕರ್ಧ ಮನೆಗಳಲ್ಲಿ ಇರುವ ಗಡಿ ವಿವಾದ ಇದು. ಯಾವ ಆಯೋಗವೂ ಬಗೆಹರಿಸದು. ಮನೆಮಾತು ತಮಿಳು, ರೈಲಿನ ಮಾತು ಕನ್ನಡ, ಬೈಗುಳಕ್ಕೆ ತೆಲುಗು, ಸಂಬಳಕ್ಕೆ ಇಂಗ್ಲಿಷು. ಇಷ್ಟನ್ನು ಜಗಳವಿಲ್ಲದೆ ನಿಭಾಯಿಸುವ ಕುಟುಂಬ ಕಾಮೆಂಟರಿ ಯಾವ ಭಾಷೆಯಲ್ಲಿ ಇಡಬೇಕು ಎಂಬಲ್ಲಿ ಒಡೆಯುತ್ತದೆ. ಕೊನೆಗೆ ಟಿವಿಯ ಸದ್ದು ಪೂರಾ ತಗ್ಗಿಸಿ ನೋಡುವುದೆಂದು ಒಪ್ಪಂದವಾಗಿದೆ.

2024ರ ಮೇ 18ರ ರಾತ್ರಿಯಂತೂ ಸದ್ದಿಲ್ಲದ ಆ ಕೋಣೆಯಲ್ಲಿ ಉಸಿರೂ ಕೇಳುತ್ತಿತ್ತು. ಪ್ಲೇಆಫ್‌ಗೆ ಹೋಗಲು ಆರ್‌ಸಿಬಿ ಬರಿದೇ ಗೆದ್ದರೆ ಸಾಲದು, 18 ರನ್ನಿನಿಂದ ಗೆಲ್ಲಬೇಕು. ಚೆನ್ನೈ ಸೋತರೂ ಸರಿ, ಸ್ವಲ್ಪವೇ ಸೋತರೆ ಅವರೇ ಒಳಗೆ. ಕೊನೆಯ ಓವರಿಗೆ ಅವರಿಗೆ ಬೇಕಾದದ್ದು 17. ಮೊದಲ ಚೆಂಡನ್ನು ಧೋನಿ ಸ್ಟೇಡಿಯಂನ ಆಚೆಗೆ ಹೊಡೆದರು. ನೈನಾ ಕುರ್ಚಿಯಿಂದ ಎದ್ದರು. ಮರುಚೆಂಡಿಗೆ ಧೋನಿ ಔಟು. ನೈನಾ ಕೂತರು. ಮಗ ಕುಣಿಯುತ್ತ ಬೀದಿಗೆ ಓಡಿದ. ವಾಪಸು ಬಂದಾಗ ನೈನಾ ಟಿವಿ ಆರಿಸಿ ಚಾಪೆ ಹಾಸಿಕೊಂಡಿದ್ದರು. “ಕುಣಿ, ಕುಣಿ. ಬುಧವಾರ ಇನ್ನೊಂದು ಮ್ಯಾಚಿದೆ,” ಅಂದರು. ಬುಧವಾರ ಆರ್‌ಸಿಬಿ ರಾಜಸ್ಥಾನಕ್ಕೆ ಸೋತಿತು.

ಆ ವರ್ಷದ ಮಾರ್ಚಿನ ಗಾಯ ಬೇರೆ ಇತ್ತು. ಅದು ಗೆಲುವಿನಿಂದ ಆದ ಗಾಯ. ಮಾರ್ಚ್ 17ರಂದು ಆರ್‌ಸಿಬಿಯ ಹೆಣ್ಣುಮಕ್ಕಳು ಡೆಲ್ಲಿಯನ್ನು ಸೋಲಿಸಿ ಕಪ್ ಎತ್ತಿದರು; ಕಲಬುರಗಿಯ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್. ಕ್ಯಾಪ್ಟನ್ ಸಿಹಿ ತಂದ. ಹೆಂಡತಿ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಇವರದು ಎಷ್ಟನೇ ವರ್ಷ ರೀ?” ಅಂದಳು. ಎರಡನೆಯದು. “ಓ,” ಅಂದಳು. ಅಷ್ಟೇ. ಮುಂದೆ ಎಷ್ಟೋ ದಿನ ಗ್ಯಾಸ್ ಬುಕ್ ಮಾಡಿದ್ರಾ, ಕರೆಂಟ್ ಬಿಲ್ ಕಟ್ಟಿದ್ರಾ ಎಂಬ ಪ್ರಶ್ನೆಗಳಲ್ಲೆಲ್ಲ ಆ ‘ಓ’ ಕೇಳಿಸುತ್ತಿತ್ತು.

ಹೆಂಡತಿ ಬಂಗಾರಪೇಟೆಯವಳು. ತವರಿಗೆ ಹದಿನಾರು ಕಿಲೋಮೀಟರು. ಅಭಿಮಾನ ಮಾತ್ರ ವಿದೇಶದ್ದು. ಭಾವಮೈದನಿಗೂ ಕ್ಯಾಪ್ಟನ್‌ಗೂ ಯಾರ ಊರು ದೊಡ್ಡದು ಎಂಬ ಪಂದ್ಯ ನಡೆದೇ ಇದೆ. ಚಿನ್ನ ನಮ್ಮದು ಅನ್ನುತ್ತಾನೆ ಇವನು. ಜಂಕ್ಷನ್ ನಮ್ಮದು, ನಿಮ್ಮ ಚಿನ್ನ ಆಚೆ ಹೋಗೋಕೂ ನಮ್ಮನ್ನೇ ದಾಟಬೇಕಿತ್ತು ಅನ್ನುತ್ತಾನೆ ಅವನು. ಕರೆಂಟು ನಮಗೆ 1902ರಲ್ಲೇ ಬಂತು, ಶಿವನಸಮುದ್ರದಿಂದ, ಬೆಂಗಳೂರಿಗಿಂತ ಮೊದಲು ಎಂದು ಇವನು. ಬೆಂಗಳೂರಿನ ಬೀದಿಬೀದಿಯಲ್ಲಿ ಯಾವೂರ ಹೆಸರಿನ ಪಾನಿಪುರಿ ಬೋರ್ಡಿದೆ ಎಂದು ಅವನು. ಇಲ್ಲಿ ಕ್ಯಾಪ್ಟನ್ ಸೋಲುತ್ತಾನೆ. ಬಂಗಾರಪೇಟೆಯ ಪಾನಿ ನೋಡಲು ಬಾವಿಯ ತಿಳಿನೀರು. ನಂಬಿ ಬಾಯಿಗಿಟ್ಟವನಿಗೆ ಮೂಗು, ಕಣ್ಣು, ಕಿವಿ ಮೂರೂ ಒಟ್ಟಿಗೆ ತೆರೆಯುತ್ತವೆ. ಅದರ ಎದುರು ವಾದ ಹೂಡಿ ಗೆದ್ದವರಿಲ್ಲ.

ಸೋತ ಕೂಡಲೇ ಅವನು ಸಿನಿಮಾಕ್ಕೆ ಕೈ ಹಾಕುತ್ತಾನೆ. ಯಾವ ಸಿನಿಮಾ ಎಂದು ಹೇಳಬೇಕಾಗಿಲ್ಲ.

‘ಕೆ.ಜಿ.ಎಫ್’ನ ಮೊದಲ ಭಾಗ 2018ರ ಡಿಸೆಂಬರ್ 21ರಂದು ಬಂತು. ಅಲ್ಲಿಯತನಕ ಕ್ಯಾಪ್ಟನ್ ಬೆಂಗಳೂರಿನ ಆಫೀಸಿನಲ್ಲಿ ಊರು ಯಾವುದು ಎಂದರೆ ‘ಕೋಲಾರದ ಕಡೆ’ ಅನ್ನುತ್ತಿದ್ದ. ಮರುವಾರದಿಂದ ಕೇಳದವರಿಗೂ ಕೆಜಿಎಫ್ ಎಂದು ಹೇಳತೊಡಗಿದ, ಗಡ್ಡ ಬಿಟ್ಟ. “ನಿಮ್ಮೂರಲ್ಲಿ ನಿಜವಾಗ್ಲೂ ಹಂಗೇನಾ?” ಎಂದು ಪಕ್ಕದ ಟೇಬಲ್ಲಿನ ಹುಡುಗ ಕೇಳಿದರೆ, ಸ್ವಲ್ಪ ಹೊತ್ತು ಫ್ಯಾನು ನೋಡಿ, “ಸೆನ್ಸಾರ್ ಇರುತ್ತಲ್ಲ, ಕಮ್ಮಿ ಮಾಡಿ ತೋರಿಸಿದ್ದಾರೆ,” ಅನ್ನುತ್ತಾನೆ. ಇವನ ಬಾಲ್ಯದಲ್ಲಿ ನಡೆದ ಅತ್ಯಂತ ಭಯಾನಕ ಘಟನೆಯೆಂದರೆ ಕಾನ್ವೆಂಟಿನ ಗಣಿತ ಪರೀಕ್ಷೆ.

ಚಿತ್ರೀಕರಣ ನಡೆದದ್ದು ಸೈನೈಡ್ ಗುಡ್ಡದ ಮೇಲೆ. ಚಿನ್ನ ತೆಗೆದು ಮಿಕ್ಕ ಪುಡಿಯನ್ನು ಒಂದು ಶತಮಾನ ಸುರಿದು ಸುರಿದು ಎದ್ದ ಗುಡ್ಡಗಳವು. ಬೇಸಿಗೆಯ ಗಾಳಿಗೆ ಆ ದೂಳು ಊಟದ ತಟ್ಟೆಯವರೆಗೂ ಬರುತ್ತದೆ. ಅದೇ ದೂಳನ್ನು ದುಡ್ಡು ಕೊಟ್ಟು ಐದು ಸಲ ನೋಡಿದವನು ಕ್ಯಾಪ್ಟನ್. ಗುಂಪಿನ ಒಂದು ದೃಶ್ಯದಲ್ಲಿ ತಾನೂ ಇದ್ದೇನೆ ಎಂಬುದು ಅವನ ವಾದ. ಟಿವಿಯಲ್ಲಿ ಬಂದಾಗೆಲ್ಲ ನಿಲ್ಲಿಸಿ ತೋರಿಸುತ್ತಾನೆ: “ಇಗೋ, ಎಡಗಡೆಯಿಂದ ನಾಲ್ಕನೇ ಬೆನ್ನು.” ಹೆಂಡತಿ ತರಕಾರಿ ಹೆಚ್ಚುತ್ತಲೇ, “ನಿಮ್ಮ ಬೆನ್ನು ನನಗೆ ಗೊತ್ತಿಲ್ವಾ? ಅದು ಕೆಲಸ ಮಾಡ್ತಾ ಇದೆ,” ಅನ್ನುತ್ತಾಳೆ.

ನೈನಾರ ತಕರಾರು ಬೇರೆ ತರಹದ್ದು. ಅವರು ಆ ಸಿನಿಮಾ ನೋಡಿದ್ದು ಸೇಫ್ಟಿ ಇನ್‌ಸ್ಪೆಕ್ಟರ್ ಕಣ್ಣಿನಿಂದ. “ಹೆಲ್ಮೆಟ್ ಎಲ್ಲಿ? ಲ್ಯಾಂಪ್ ಎಲ್ಲಿ? ಇಳಿಯೋಕೆ ಕೇಜ್ ಎಲ್ಲಿ? ಇಷ್ಟು ಜನ ಒಂದೇ ಕಡೆ ಸುತ್ತಿಗೆ ಹೊಡೆದರೆ ಮೇಲಿನ ಬಂಡೆ ಯಾರಪ್ಪ ಹಿಡ್ಕೋತಾನೆ?” ಕಥೆಯಲ್ಲಿ ಗಣಿ ಸಿಗುವುದು 1951ರಲ್ಲಿ ಎಂದು ಕೇಳಿದಾಗಲಂತೂ ಅವರು ತಿರುಗಿ ಗೋಡೆಯ ಫೋಟೋ ನೋಡಿದರು. “ನಮ್ಮಪ್ಪ ಅಷ್ಟೊತ್ತಿಗೆ ಗಣಿಗೆ ಇಳಿದು ಹತ್ತು ವರ್ಷ ಆಗಿತ್ತು. ಎಲ್ಲಿ ಹೋಗ್ತಿದ್ದ ಹಾಗಾದ್ರೆ?” ಮಗ ‘ಅದು ಕತೆ ನೈನಾ’ ಎಂದು ಕೈಮುಗಿದ. 2024ರ ಆಗಸ್ಟಿನಲ್ಲಿ ವಿಕ್ರಮ್ ಅವರ ‘ತಂಗಲಾನ್’ ಬಂದಾಗ, ಇದು ಬ್ರಿಟಿಷರು ಚಿನ್ನ ಹುಡುಕಿ ಬಂದ ಕಾಲದ್ದು, ತಮಿಳು ಬೇರೆ, ಇವರಿಗೆ ಹಿಡಿಸೀತು ಎಂದು ಕರೆದೊಯ್ದ. ಹೊರಗೆ ಬಂದ ನೈನಾ ಹೇಳಿದ್ದಿಷ್ಟೇ: “ಇದರಲ್ಲೂ ಕೇಜ್ ಇಲ್ಲ.”

ಸಿನಿಮಾ ಮತ್ತು ಕಪ್ಪುಗಳ ನಡುವೆ ಕ್ಯಾಪ್ಟನ್ ಕಂಡುಹಿಡಿದ ಸಂಬಂಧ ಇನ್ನೂ ಆಳದ್ದು. ಚಾಪ್ಟರ್ 1 ಬಂದು ಹದಿನೈದು ದಿನಕ್ಕೆ, 2019ರ ಜನವರಿ 5ರಂದು, ಬೆಂಗಳೂರು ಬುಲ್ಸ್ ಕಬಡ್ಡಿ ಕಪ್ ಗೆದ್ದಿತು. ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್. ಮಾರ್ಚ್ 17ಕ್ಕೆ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕಪ್ ಗೆದ್ದಿತು. ಊರಿನ ಟೀಮುಗಳಿಗೆಲ್ಲ ಸಿನಿಮಾದ ಹೀರೋ ರಾಕಿಯ ಕಾಲ್ಗುಣ ತಗುಲಿತು, ಇನ್ನು ಉಳಿದದ್ದು ಒಂದೇ ಎಂದು ಇಡೀ ಬೋಗಿಗೆ ಚಹಾ ಕೊಡಿಸಿದ. ಆರ್‌ಸಿಬಿ ಸತತ ಆರು ಮ್ಯಾಚು ಸೋತು ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಸಿದ್ಧಾಂತ ಅಲುಗಲಿಲ್ಲ, ಕ್ರಿಕೆಟ್ಟಿಗೆ ಚಾಪ್ಟರ್ 2 ಬೇಕು ಅಂದ. ಅದು 2020ರ ಅಕ್ಟೋಬರ್ 23ಕ್ಕೆ ಎಂದರು, ಮುಂದೂಡಿದರು. 2021ರ ಜುಲೈ 16 ಎಂದರು, ಮುಂದೂಡಿದರು. ಆ ಎರಡು ವರ್ಷದ ಸೋಲಿನ ಲೆಕ್ಕ ಕೊರೊನಾ ಖಾತೆಗೆ ಹೋಯಿತು. ಕೊನೆಗೆ 2022ರ ಏಪ್ರಿಲ್ 14ರಂದು ಐಪಿಎಲ್ ನಡುವೆಯೇ ಚಾಪ್ಟರ್ 2 ಬಂದು, ಸಾವಿರ ಕೋಟಿ ದಾಟಿತು. ಆರ್‌ಸಿಬಿ ಫೈನಲ್‌ಗೆ ಒಂದು ಮೆಟ್ಟಿಲು ಕೆಳಗೆ ಕಾಲು ಜಾರಿತು.

“ಮೂರನೇದು ಬರಬೇಕು ಅಂತ ಅರ್ಥ,” ಎಂದ ಕ್ಯಾಪ್ಟನ್. ನನಗೆ ಅವನ ಬಗ್ಗೆ ಗೌರವ ಹುಟ್ಟಿದ್ದು ಆ ಮಾತಿನಿಂದ. ಗಣಿ ಮತ್ತೆ ತೆರೆಯುತ್ತದೆ ಎಂದು ಎಲೆಕ್ಷನ್ನಿಗೊಮ್ಮೆ ಕೇಳಿ ಬೆಳೆದವರಿಗೆ ಈ ವಿದ್ಯೆ ಹಾಲಿನ ಜೊತೆಯೇ ಬಂದಿರುತ್ತದೆ. 2024ರ ಜೂನಿನಲ್ಲಿ ಹದಿಮೂರು ಗುಡ್ಡಗಳ ಮಿಕ್ಕ ಪುಡಿಯಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಂಪುಟ ಒಪ್ಪಿದಾಗಲೂ ಬೋಗಿಯಲ್ಲಿ ಯಾರೂ ಕುಣಿಯಲಿಲ್ಲ. ಪೇಪರು ಮಡಿಸಿ ಅದರ ಮೇಲೆ ಇಸ್ಪೀಟು ಹಂಚಿದರು.

ಆದರೆ ಕಪ್ ಬಂದೇ ಬಿಟ್ಟಿತು. 2025ರ ಜೂನ್ 3, ಅಹಮದಾಬಾದ್. ಪಂಜಾಬಿಗೆ ಕೊನೆಯ ಓವರಿಗೆ 29 ಬೇಕು. ಹೇಜಲ್‌ವುಡ್‌ನ ಮೊದಲ ಎರಡು ಚೆಂಡಿಗೆ ರನ್ನೇ ಇಲ್ಲ. ಒಂದನೇ ಕ್ಲಾಸಿನ ಲೆಕ್ಕದಲ್ಲೂ ಗೆದ್ದಾಗಿತ್ತು. ಟಿವಿಯಲ್ಲಿ ಕೊಹ್ಲಿ ಅಳುತ್ತಿದ್ದರು. ಕ್ಯಾಪ್ಟನ್ ಮಾತ್ರ ಗೋಡೆಗೆ ಒರಗಿ, “ನೋಬಾಲ್ ಹಾಕ್ತಾನೆ ನೋಡ್ತಿರಿ,” ಅನ್ನುತ್ತಿದ್ದ. ಆರು ರನ್ನಿನಿಂದ ಗೆದ್ದ ಮೇಲೂ ಸ್ವಲ್ಪ ಹೊತ್ತು ಅಂಪೈರ್ ಏನಾದರೂ ಹೇಳಿಯಾರು ಎಂದು ಕಾದ. ಎದ್ದು ಬಂದು ಭುಜ ಅಲುಗಿಸಿದವರು ನೈನಾ. “ಮುಗೀತು ಕಣೋ. ಗೆದ್ದೆ. ಹೋಗಿ ಕುಣಿ.”

ಮಾರನೆಯ ಸಂಜೆ ಚಿನ್ನಸ್ವಾಮಿಯ ಗೇಟುಗಳಲ್ಲಿ ಹನ್ನೊಂದು ಜನ ತುಳಿತಕ್ಕೆ ಸಿಕ್ಕಿ ಸತ್ತರು. ಕ್ಯಾಪ್ಟನ್ ಅರ್ಧ ದಿನ ರಜೆ ಹಾಕಿ ಹೊರಟಿದ್ದ, ಮೆಟ್ರೋದ ನೂಕುನುಗ್ಗಲು ನೋಡಿ ಹಿಂದಿರುಗಿದ್ದ. ಆ ದಿನದ ವಿಷಯ ಬೋಗಿಯಲ್ಲಿ ಯಾರಾದರೂ ಎತ್ತಿದರೆ ಅವನು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ. ಜೆರ್ಸಿ ಕೆಲವು ವಾರ ಕಾಣಲಿಲ್ಲ.

ಆಮೇಲೆ ಒಂದು ಭಾನುವಾರ, ಬಂಗಾರಪೇಟೆಯ ಪಾನಿಪುರಿ ಗಾಡಿಯ ಮುಂದೆ ಮೂವರೂ ನಿಂತಿದ್ದರು: ಕ್ಯಾಪ್ಟನ್, ನೈನಾ, ಭಾವಮೈದ. ಕಣ್ಣಲ್ಲಿ ನೀರು ಸುರಿಸುತ್ತ ಭಾವಮೈದ ಕೇಳಿದ, “ಕಪ್ ಬಂತಲ್ಲ ಭಾವ, ಇನ್ನೇನು ಮಾಡ್ತೀರಾ?”

“ಒಂದು ಬಂತು. ನೈನಾ ಅವರ ಟೀಮಿಗೆ ಐದಿದೆ.”

“ಅಂದ್ರೆ ಇನ್ನೂ ನಾಲ್ಕು. ಒಂದಕ್ಕೆ ಹದಿನೆಂಟು ವರ್ಷ…” ಭಾವಮೈದ ಮೊಬೈಲು ತೆಗೆದು ಗುಣಿಸಿದ. “ಎಪ್ಪತ್ತೆರಡು. 2097ಕ್ಕೆ ಸಮ ಆಗುತ್ತೆ.”

ಕ್ಯಾಪ್ಟನ್ ಗಂಭೀರವಾಗಿ ತಲೆ ಆಡಿಸಿದ. ಆಗಬಹುದಾದ ಕೆಲಸ ಎಂಬಂತೆ. ನೈನಾ ದೊನ್ನೆಯ ಪಾನಿಯನ್ನು ಒಂದೇ ಗುಟುಕಿಗೆ ಕುಡಿದು, ಕೆಮ್ಮದೆ, ಇನ್ನೊಂದು ಪ್ಲೇಟಿಗೆ ಕೈ ತೋರಿಸಿ ಹೇಳಿದರು: “ಆಗಲಿ, ನಾನೂ ಇರ್ತೀನಿ. ನನ್ನ ಮೈನ್ಸ್ ಬಾಕಿನೂ ಅಷ್ಟೊತ್ತಿಗೆ ಕೊಡ್ತಾರೆ.”