ಗಬ್ಬರ್ ಬಿದ್ದ ಬೆಳಗು

ಮೊಲ ಸಾಕಿದವನಿಗೆ ಮರಿ ಎಣಿಸುವುದೇ ಕೆಲಸ ಎಂದು ಊರೆಲ್ಲ ನಂಬಿದೆ. ನಮ್ಮನೆ ಮೊಲಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿಯೇ ಬದುಕಿದ ಮನೆತನ ನಮ್ಮದು. ಹುಳ ಜ್ವರಕ್ಕೆ ಕೂತದ್ದು, ಹಣ್ಣಾದದ್ದು, ಚಂದ್ರಿಕೆಗೆ ಬಿಡುವ ಹೊತ್ತು ಎಲ್ಲ ಕಣ್ಣಳತೆಯಲ್ಲೇ ಗೊತ್ತು. ಸಾವಿರಗಟ್ಟಲೆ ಹುಳ ಸಾಕಿದವನಿಗೆ ಎರಡು ಮೊಲ ಯಾವ ಲೆಕ್ಕ? ಮಿಕ್ಕ ಹಿಪ್ಪುನೇರಳೆ ಸೊಪ್ಪಿಗೂ ದಾರಿಯಾಯಿತು ಎಂದು ನ್ಯೂಜಿಲೆಂಡ್ ವೈಟ್ ಜೋಡಿಯೊಂದನ್ನು ತಂದೆ. 'ಶೋಲೆ'ಯ ಬಂಡೆಗಳ ಊರಲ್ಲಿ ಗಂಡಿಗೆ ಬೇರೆ ಹೆಸರುಂಟೆ? ಗಬ್ಬರ್. ಹೆಣ್ಣಿಗೆ ಬಸಂತಿ ಎನ್ನಲು ನನ್ನಾಕೆ ಒಪ್ಪದೆ ಲಕ್ಷ್ಮಿ ಎಂದಳು.

ಹೆಣ್ಣು ನೋಡಲು ಗಂಡೇ ಹೋಗುವುದು ಪದ್ಧತಿಯಲ್ಲವೇ ಎಂದು ಗಬ್ಬರನನ್ನು ಲಕ್ಷ್ಮಿಯ ಪಂಜರಕ್ಕೆ ಬಿಟ್ಟೆ. ಅವಳು ಮುಂಗಾಲಲ್ಲಿ ಬಾರಿಸಿ, ಕಿವಿ ಕಚ್ಚಿ ಅಟ್ಟಿದಳು. ಮೊಲಗಳಲ್ಲಿ ಹೆಣ್ಣೇ ಗಂಡಿನ ಮನೆಗೆ ಹೋಗಬೇಕಂತೆ. ತನ್ನ ಪಂಜರಕ್ಕೆ ಬಂದವನನ್ನು ಅವಳು ಸೇರಿಸುವುದಿಲ್ಲ.

ಸರಿ, ಒಂದು ಭಾನುವಾರ ಬೆಳಗಿನ ತಂಪಿನಲ್ಲಿ ಲಕ್ಷ್ಮಿಯನ್ನೇ ಒಯ್ದೆ. ಅಂಗಳದಲ್ಲಿ ದೊಡ್ಡಮ್ಮ ಹುಣಸೆಬೀಜ ಬಿಡಿಸುತ್ತಿದ್ದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಗಲ್ಲವಿಟ್ಟು ನಿಂತಿದ್ದರು. ಅವರಿಗೆ ಬೇರೆ ಭಾನುವಾರವೇ ಇಲ್ಲ. ಗಬ್ಬರ್ ಒಂದು ಸುತ್ತು ಓಡಿದ, ಮೂಗು ಅಲುಗಿಸಿದ, ಹತ್ತಿದ. ಮರುಗಳಿಗೆಗೆ 'ಕೀಚ್' ಎಂದು ಕೂಗಿ ದಬಕ್ಕನೆ ಪಕ್ಕಕ್ಕೆ ಉರುಳಿ ಬಿದ್ದ.

"ಅಯ್ಯೋ, ಸತ್ತೋಯ್ತು ಕಣ್ಲಾ!" ಎಂದು ದೊಡ್ಡಮ್ಮ ಹುಣಸೆ ಕೈಯಲ್ಲೇ ಎದೆ ಬಡಿದುಕೊಂಡರು. "ಹಾರ್ಟ್ ಅಟ್ಯಾಕು" ಎಂದು ಕಾಂಪೌಂಡಿನ ಮೇಲಿಂದ ತೀರ್ಪು ಬಂತು. ಯಾರೋ ಈರುಳ್ಳಿ ಮೂಸಿಸಿ ಎಂದರು. ನನ್ನ ಮಗ ಬೀಗದ ಕೈ ಗೊಂಚಲು ತಂದು ಗಬ್ಬರನ ಮುಂಗಾಲಿಗೆ ಹಿಡಿಸಲು ನೋಡಿದ. ನಾನು ಟಿವಿಯಲ್ಲಿ ಕಂಡಂತೆ ಎರಡು ಬೆರಳಿಂದ ಅವನ ಎದೆ ಒತ್ತುತ್ತಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಬಾಯಿಗೆ ತುಳಸಿ ನೀರು ಬಿಡಲು ಹೋಗಿ ಲೋಟವನ್ನೇ ಅವನ ಮುಖಕ್ಕೆ ಮಗುಚಿದರು. ಗಬ್ಬರ್ ಎದ್ದ, ಮೈ ಕೊಡವಿದ, ಮೀಸೆ ಒರೆಸಿಕೊಂಡ, ನಮ್ಮನ್ನೆಲ್ಲ ಒಂದು ಸಲ ನೋಡಿ ಮತ್ತೆ ಲಕ್ಷ್ಮಿಯ ಕಡೆ ಹೊರಟ. ಗಂಡು ಮೊಲ ಹಾಗೆ ಬಿದ್ದರೇ ಕೂಡಿತೆಂದು ಅರ್ಥ. ಬೀಳದಿದ್ದರೆ ಸಂಶಯಪಡಬೇಕು.

ಲಕ್ಷ್ಮಿ ಹದಿನೇಳನೇ ದಿನಕ್ಕೇ ಎದೆಯ ತುಪ್ಪಳ ಕಿತ್ತು ಹಾಸಿಗೆ ಹಾಸಿದಳು. ಮೊಲ ಗಬ್ಬ ಹೊರುವುದು 30-32 ದಿನ. ಇದು ಸುಳ್ಳು ಗಬ್ಬ. ಊರು ತಕ್ಷಣ ಸೇರಿತು: ಹೆಣ್ಣೇ ಸರಿಯಿಲ್ಲ, ಕೊಬ್ಬಿದೆ, ಬಂಜೆ, ಚನ್ನಪಟ್ಟಣದ ಸಂತೆಗೆ ಹೊಡೆದುಬಿಡಿ. ಹಿಂಡಿ ತಿಂದು ಅವಳು ಕೊಬ್ಬಿದ್ದು ನಿಜವೇ, ಮೇವು ಇಳಿಸಿದೆ. ಮಾಗಡಿಗೆ ಕೊಟ್ಟ ನನ್ನ ತಂಗಿ ಆವತ್ತು ಮನೆಯಲ್ಲಿದ್ದಳು. ಮಕ್ಕಳಾಗಲಿಲ್ಲವೆಂದು ಅವಳನ್ನು ಊರೂರು ಆಸ್ಪತ್ರೆ ಸುತ್ತಿಸಿದ ಬೀಗರು ಮಗನನ್ನು ಒಂದು ಸಲವೂ ಲ್ಯಾಬಿನ ಮೆಟ್ಟಿಲು ಹತ್ತಿಸಿಲ್ಲ.

"ಗಂಡನ್ನ ಯಾರೂ ಪರೀಕ್ಷೆ ಮಾಡಿಸಲ್ವಾ ಅಣ್ಣ?" ಎಂದಳು.

ಕಾಂಪೌಂಡು ಖಾಲಿಯಾಯಿತು.

ಏಪ್ರಿಲ್ ತಿಂಗಳು, ಸುತ್ತ ಕಾದ ಬಂಡೆ, ಪಂಜರದ ಮೇಲೆ ತಗಡು. ಬಿಸಿಲು 30 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೆ ಗಂಡು ಮೊಲದ ಬೀಜ ಸತ್ವ ಕಳೆದುಕೊಳ್ಳುತ್ತದೆ. ಸುಧಾರಿಸಲು ಒಂದೂವರೆ, ಎರಡು ತಿಂಗಳು ಬೇಕು. ಕೂಡಿದ ಮೇಲೆಯೇ ಹೆಣ್ಣಿನ ಅಂಡ ಬಿಡುಗಡೆಯಾಗುವುದು. ಬರಿದೇ ಕೂಡಿದರೆ ಅವಳ ಮೈ ಗಬ್ಬವೆಂದೇ ಮೋಸಹೋಗುತ್ತದೆ. ಗಬ್ಬರ್ ಬಿದ್ದದ್ದು ನಿಜ, ಸರಕಿರಲಿಲ್ಲ.

ಹೊಂಗೆ ಮರದಡಿಗೆ ಪಂಜರ ಸಾಗಿಸಿ, ಒದ್ದೆ ಗೋಣಿತಾಟು ಹೊದಿಸಿದೆ. ಮಳೆ ಹಿಡಿದ ಮೇಲೆ ಗಬ್ಬರ್ ಮತ್ತೆ ಬಿದ್ದ, ಲಕ್ಷ್ಮಿ ಏಳು ಮರಿ ಹಾಕಿದಳು. ದೊಡ್ಡಮ್ಮ ಅದನ್ನು ಕಬ್ಬಾಳಮ್ಮನ ಹರಕೆಯ ಖಾತೆಗೆ ಬರೆದುಕೊಂಡರು.

ಬಂಜೆ ಎಂದವರೇ ಈಗ ಒಂದು ಜೋಡಿ ಕೊಡಿ ಎಂದು ಬಂದರು. ಎಳೆ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಬಾಲದ ಬುಡ ಒತ್ತಿ ನೋಡಿದರೆ ಗಂಡಿಗೆ ದುಂಡು ತೂತು, ಹೆಣ್ಣಿಗೆ ಸೀಳು. ನನಗೀಗ ಅದು ಗೊತ್ತು, ಅವರಿಗೆ ಗೊತ್ತಿಲ್ಲ. ಆರಿಸಿ ಆರಿಸಿ ಎರಡು ಗಂಡು ಕೊಟ್ಟಿದ್ದೇನೆ.